ಸಣ್ಣ ತೂತೇ ಸಾಕೆಂದು ಕೇಳಿಕೊಂಡಿದ್ದೆ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಿಂದಿನ ದಿನ ರುಬ್ಬಿಟ್ಟಿದ್ದ ದೋಸೆ ಹಿಟ್ಟನ್ನು ಕವರುಗಳಿಗೆ ತುಂಬಿ ಅಂಗಡಿಗೆ ಕೊಟ್ಟು ಬಂದೆ. ಹಾಲು ಕಾಯಿಸಿದೆ. ಮಂಜುಳಳ ಎರಡು ನೈಟಿ, ಬಾಚಣಿಗೆ, ಫ್ಲಾಸ್ಕು, ಹೊದೆಯಲು ಒಂದು ಹಳೆಯ ಸೀರೆ ಬ್ಯಾಗಿಗೆ ಹಾಕಿದೆ. ತುಳಸಿಗೆ ನೀರೆರೆದೆ. ಬೀಗ ಹಾಕಿದ ಮೇಲೆ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಮತ್ತೆ ಬಾಗಿಲು ತೆಗೆದು ನೋಡಿದೆ. ಆಫ್ ಆಗಿತ್ತು. ಅಟ್ಟೂರಿನಿಂದ ಹೆಬ್ಬಾಳದ ಕಡೆಯ ಬಸ್ಸು ಹತ್ತಿ, ಸೀಟಿದ್ದರೂ ನಿಂತುಕೊಂಡೇ ಹೋದೆ.

ಅದು 2015ರ ಶ್ರಾವಣ ಮಾಸದ ಒಂದು ಮಂಗಳವಾರ. ಅವತ್ತು ನನ್ನ ಓರಗಿತ್ತಿ ಮಂಜುಳಳಿಗೆ ಲಿವರಿನ ಆಪರೇಷನ್ ಇತ್ತು. ಮಾರಮ್ಮನ ಭಕ್ತಾದಿಗಳೆಲ್ಲರೂ ಓದಲಿ ಎಂದು ಅವತ್ತು ಆದದ್ದನ್ನು ಆದ ಹಾಗೆ ಬರೆಯುತ್ತಿದ್ದೇನೆ.

ಮಂಜುಳ ನನ್ನ ಮೈದುನ ನಾಗರಾಜನ ಹೆಂಡತಿ. ನಾಗರಾಜ ಸ್ಕೂಲ್ ವ್ಯಾನ್ ಓಡಿಸುತ್ತಾನೆ, ನಮ್ಮ ಯಜಮಾನರು ಯಶವಂತಪುರದ ಈರುಳ್ಳಿ ಮಂಡಿಯಲ್ಲಿದ್ದಾರೆ. ಮನೆಯಲ್ಲಿ ಹಿಟ್ಟು ರುಬ್ಬಿ ಮಾರುವುದು ನಮ್ಮಿಬ್ಬರು ಹೆಂಗಸರ ಕೆಲಸ. ಒಂದೇ ಅಡುಗೆಮನೆಯಲ್ಲಿ ಇಷ್ಟು ವರ್ಷ ಜಗಳವಾಡಿಕೊಂಡು, ನಗಾಡಿಕೊಂಡು ಬಂದವರು. ಆ ಬೇಸಿಗೆಯಿಂದ ಅವಳಿಗೆ ಬಲಗಡೆ ಪಕ್ಕೆಯ ಕೆಳಗೆ ನೋವು. ಗ್ಯಾಸ್ಟ್ರಿಕ್ ಎಂದು ಜೀರಿಗೆ ಕಷಾಯ ಕುಡಿಸಿದೆವು. ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲಿ ಗಡ್ಡೆ ಇದೆ, ಆ ಭಾಗವನ್ನೇ ತೆಗೆಯಬೇಕು, ಬಿಟ್ಟರೆ ಜೀವಕ್ಕೆ ಅಪಾಯ ಎಂದರು.

ದೊಡ್ಡ ಡಾಕ್ಟರು ನಿಧಾನವಾಗಿ ವಿವರಿಸಿದರು. "ಸಣ್ಣ ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲೇ ಶುರು ಮಾಡ್ತೀವಮ್ಮ. ಮಧ್ಯದಲ್ಲಿ ಕಷ್ಟ ಅನ್ಸಿದ್ರೆ ಹೊಟ್ಟೆ ತೆರೀತೀವಿ. ಅದೇನು ಸೋತಂಗಲ್ಲ. ಈಗ್ಲೇ ಹೇಳಿರ್ತೀನಿ."

ನನ್ನ ಕಿವಿಗೆ ಬಿದ್ದದ್ದು ಸಣ್ಣ ತೂತು ಎನ್ನುವುದಷ್ಟೆ. ಅದಕ್ಕೆ ಕಾರಣವಿದೆ. ಹಿಂದೆ ನಮ್ಮ ಮಾವನವರನ್ನು ಆಪರೇಷನ್ನಿಗೆ ಕರೆದುಕೊಂಡು ಹೋದಾಗ, ಹೊಟ್ಟೆ ತೆರೆದು ನೋಡಿ, ಮಾಡುವಂಥದ್ದು ಏನೂ ಉಳಿದಿಲ್ಲವೆಂದು ಹಾಗೇ ಹೊಲಿದು ಕಳಿಸಿದ್ದರು. ಅವರು ಮುಂದಿನ ಹಬ್ಬ ಕಾಣಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಹೊಟ್ಟೆ ತೆರೆಯುವುದೆಂದರೆ ಕೈಬಿಡುವುದು ಎಂದೇ ಲೆಕ್ಕ.

ಆದ್ದರಿಂದ ನಮ್ಮ ಮಾರಮ್ಮನಿಗೆ ಹರಕೆ ಕಟ್ಟಿಕೊಂಡೆ. ನಮ್ಮಲ್ಲಿ ಕಣ್ಣು ನೋವಾದರೆ ಅಮ್ಮನಿಗೆ ಬೆಳ್ಳಿ ಕಣ್ಣು, ಕಾಲು ನೋವಾದರೆ ಬೆಳ್ಳಿ ಕಾಲು ಒಪ್ಪಿಸುವ ಪದ್ಧತಿ. ಮಂಜುಳಳನ್ನೂ ಕರೆದುಕೊಂಡು ಯಲಹಂಕ ಹಳೇ ಪೇಟೆಯ ಬೆಳ್ಳಿ ಅಂಗಡಿಗೆ ಹೋದೆ.

"ಲಿವರ್ ಇದ್ಯಾ?" ಎಂದೆ.

ಅಂಗಡಿಯವರು ತಲೆ ಕೆರೆದುಕೊಂಡರು. "ಲಿವರ್ ಯಾರೂ ಕೇಳಿಲ್ಲ ಕಣಮ್ಮ. ಹೊಟ್ಟೆ ಇದೆ, ತಗೊಳ್ಳಿ. ಅದ್ರೊಳಗೆ ಲಿವರ್ ಇದೆ ಅಂದ್ಕೊಳ್ಳಿ."

ಮಂಜುಳ ನೋವಿನ ಪಕ್ಕೆ ಹಿಡಿದುಕೊಂಡು ನಕ್ಕಳು. "ಅಕ್ಕ, ಮಾಂಸದಂಗ್ಡಿಗೆ ಹೋಗಿದ್ರೆ ಸಿಗ್ತಿತ್ತು!"

"ಬಾಯ್ಮುಚ್ಚು, ದೇವ್ರ ವಿಷ್ಯ."

ಆ ಬೆಳ್ಳಿ ಹೊಟ್ಟೆಯನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ನಿಂಬೆಹಣ್ಣಿನ ದೀಪ ಹಚ್ಚಿ, "ಸಣ್ಣ ತೂತಿನಲ್ಲೇ ಮುಗಿಯಲಿ, ಹೊಟ್ಟೆ ತೆರೆಯದಿರಲಿ, ಆಮೇಲೆ ಇದನ್ನು ಒಪ್ಪಿಸುತ್ತೇನೆ" ಎಂದು ಬಾಯಿಬಿಟ್ಟು ಹೇಳಿದೆ. ಹರಕೆಯ ಮಾತನ್ನು ಒಮ್ಮೆ ಆಡಿದ ಮೇಲೆ ತಿದ್ದಬಾರದು ಎಂದು ನಮ್ಮ ಅತ್ತೆ ಹೇಳಿಕೊಟ್ಟಿದ್ದರು.

ಮಂಜುಳಳನ್ನು ಹಿಂದಿನ ದಿನವೇ ಆಸ್ಪತ್ರೆಗೆ ಸೇರಿಸಿದ್ದೆವು, ನಾಗರಾಜ ಜೊತೆಗಿದ್ದ. ಆಪರೇಷನ್ನಿನ ದಿನ ನಾನು ಮುಟ್ಟುವಾಗ ಅವಳನ್ನು ಸ್ಟ್ರೆಚರ್ ಮೇಲೆ ಮಲಗಿಸಿದ್ದರು. ತಾಳಿ ಬಿಚ್ಚಿ ನನ್ನ ಕೈಗೆ ಕೊಟ್ಟು, "ಉದ್ದಿನಬೇಳೆ ನೆನ್ಸಿದ್ದೀರಾ ಅಕ್ಕ?" ಎಂದು ಕೇಳಿದಳು. ಇಲ್ಲವೆಂದೆ. "ನಾಳೆ ಅಂಗ್ಡಿಯವ್ನು ಬೈತಾನೆ ನೋಡಿ" ಎನ್ನುತ್ತಲೇ ಒಳಗೆ ಹೋದಳು.

ಕಾಯುವ ಹಾಲಿನಲ್ಲಿ ನನಗೆ ಕೂರಲು ಆಗಲಿಲ್ಲ. ಬ್ಯಾಗಿನಲ್ಲಿದ್ದ ಹಳೆಯ ಸೀರೆ ತೆಗೆದು ಬಿಡಿಸಿ ಮಡಚಿದೆ. ತೊಳೆದೇ ತಂದಿದ್ದ ಫ್ಲಾಸ್ಕನ್ನು ಮತ್ತೆ ತೊಳೆದೆ. ಕಿಟಕಿಯ ಹತ್ತಿರ ಹೋಗಿ ಫ್ಲೈಓವರಿನ ಮೇಲಿನ ಗಾಡಿಗಳನ್ನು ನೋಡಿದೆ, ವಾಪಸ್ ಬಂದೆ. ಪಕ್ಕದಲ್ಲಿ ಆರ್.ಟಿ. ನಗರದ ಒಬ್ಬ ಮುಸ್ಲಿಂ ಹೆಂಗಸು, ಒಳಗಿದ್ದ ತನ್ನ ಗಂಡನಿಗಾಗಿ ಕಾಯುತ್ತಿದ್ದಳು. "ಆಪಾ, ಕೂತ್ಕೊಳ್ಳಿ. ನೀವು ಓಡಾಡಿದ್ರೆ ಒಳಗೆ ಡಾಕ್ಟರ್ ಕೈ ಬೇಗ ಓಡುತ್ತಾ?" ಎಂದು ಗದರಿಸಿದಳು. ಕೂತೆ. ಮತ್ತೆ ಎದ್ದೆ.

ಊಟದ ಹೊತ್ತಿಗೆ ಬಾಗಿಲು ತೆರೆಯಿತು. ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬಂದು, "ಮಂಜುಳ ಅವ್ರ ಕಡೆಯವ್ರು ಯಾರು?" ಎಂದರು. ನಾಗರಾಜ ಓಡಿದ.

"ಗಡ್ಡೆ ಹತ್ರ ಒಂದು ರಕ್ತನಾಳದಿಂದ ರಕ್ತ ಬರ್ತಿದೆ. ಕ್ಯಾಮೆರಾದಲ್ಲಿ ಮುಂದುವರಿಸೋದು ಸೇಫ್ ಅಲ್ಲ. ಓಪನ್ ಮಾಡ್ತಿದೀವಿ. ಹೇಳಿ ಹೋಗೋಣ ಅಂತ ಬಂದೆ."

ಅಷ್ಟು ಹೇಳಿ ಅವರು ಒಳಗೆ ಹೋದರು. ನಾಗರಾಜ ಗೋಡೆಗೆ ಒರಗಿ ಕೆಳಗೆ ಕುಸಿದ. "ಅತ್ತಿಗೆ, ಅಪ್ಪಂಗೂ ಹಿಂಗೇ ಅಂದಿದ್ರು."

ಏನು ಬೇಡವೆಂದು ಕೇಳಿಕೊಂಡಿದ್ದೆನೋ ಅದೇ ಆಗುತ್ತಿತ್ತು. ಅಮ್ಮ ಮುಖ ತಿರುಗಿಸಿಬಿಟ್ಟಳು ಎನ್ನಿಸಿತು. ಇನ್ನೊಮ್ಮೆ ಬೇಡಿಕೊಳ್ಳೋಣವೆಂದರೆ ಯಾವ ಮಾತಿನಲ್ಲಿ ಬೇಡುವುದು? ಹೊಟ್ಟೆ ತೆರೆಯದಿರಲಿ ಎನ್ನಲು ಈಗಾಗಲೇ ತೆರೆಯುತ್ತಿದ್ದಾರೆ. ಬೇರೆ ಏನಾದರೂ ಕೇಳಿದರೆ ಹರಕೆ ತಿದ್ದಿದ ಹಾಗಾಗುತ್ತದೆ. ದಿನಕ್ಕೆ ನೂರು ಸಲ ಅಮ್ಮ ಅಮ್ಮ ಎನ್ನುವವಳಿಗೆ ಅವತ್ತು ನಾಲಿಗೆ ಕಟ್ಟಿ ಹೋಯಿತು. ಮೆಟ್ಟಿಲು ಇಳಿದೆ, ಕ್ಯಾಂಟೀನಿನವರೆಗೆ ಹೋದೆ, ಏನೂ ಕೊಳ್ಳದೆ ಹತ್ತಿ ಬಂದೆ. ನಾಗರಾಜನ ಕೈಯಲ್ಲಿದ್ದ ಟೀ ಆರಿ ಕೆನೆ ಕಟ್ಟಿತ್ತು. ನನ್ನ ಮುಷ್ಟಿಯೊಳಗೆ ಮಂಜುಳಳ ತಾಳಿ ಬೆವರಿಗೆ ಒದ್ದೆಯಾಗಿತ್ತು.

ಹೆಂಗಸರ ಬಾತ್‌ರೂಮಿನ ನಲ್ಲಿಯ ಮುಂದೆ ನಿಂತು ಕೈ ತೊಳೆಯುವಾಗ ನನಗೆ ತಡೆಯಲಾಗಲಿಲ್ಲ. ಗಟ್ಟಿಯಾಗಿಯೇ ಅಂದುಬಿಟ್ಟೆ: "ಅಮ್ಮಾ, ನಾನು ಹೇಳಿದ್ದೆಲ್ಲ ಬಿಟ್ಟುಬಿಡು. ತೂತೋ, ದೊಡ್ಡ ಗಾಯವೋ, ನಿನಗೆ ಹೇಗೆ ಸರಿಯೋ ಹಾಗೆ ಮಾಡು. ಹರಕೆ ತಿದ್ದಿದ ದೋಷ ನನಗಿರಲಿ. ಅವಳು ಮನೆಗೆ ಬರಲಿ."

ಹೊರಗೆ ಬಂದಾಗಲೂ ಭಯ ಹಾಗೇ ಇತ್ತು. ಆದರೆ ಬಾಯಿಗೆ ಅಮ್ಮನ ಹೆಸರು ಮತ್ತೆ ಬಂದಿತ್ತು. ಅದನ್ನೇ ಹಿಡಿದುಕೊಂಡು ಓಡಾಡಿದೆ.

ದೀಪ ಹಚ್ಚುವ ಹೊತ್ತಿಗೆ ದೊಡ್ಡ ಡಾಕ್ಟರೇ ಬಂದರು. ಅವರ ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ.

"ರಕ್ತ ನಿಲ್ತು. ಗಡ್ಡೆ ಪೂರ್ತಿ ತೆಗ್ದಿದೀವಿ" ಎಂದರು. ಆಮೇಲೆ ಇನ್ನೊಂದು ಮಾತು ಹೇಳಿದರು. "ಲಿವರ್ ಹಿಂಭಾಗದಲ್ಲಿ ಇನ್ನೊಂದು ಚಿಕ್ಕ ಗಡ್ಡೆ ಇತ್ತಮ್ಮ. ಸ್ಕ್ಯಾನ್‌ನಲ್ಲೂ ಕಂಡಿರ್ಲಿಲ್ಲ, ಕ್ಯಾಮೆರಾದಲ್ಲೂ ಕಂಡಿರ್ಲಿಲ್ಲ. ಓಪನ್ ಮಾಡಿದ್ಮೇಲೆ ಕೈ ಹಾಕಿ ನೋಡ್ದಾಗ ಬೆರಳಿಗೆ ಸಿಕ್ತು. ಅದನ್ನೂ ತೆಗ್ದಿದೀವಿ."

"ಓಪನ್ ಮಾಡ್ದೇ ಇದ್ದಿದ್ರೆ?" ಎಂದ ನಾಗರಾಜ.

"ಬಹುಶಃ ಒಳಗೇ ಉಳೀತಿತ್ತು."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆರ್.ಟಿ. ನಗರದ ಹೆಂಗಸು, "ಈಗ ಕೂತ್ರು ನೋಡಿ" ಎಂದು ನನ್ನ ಬೆನ್ನು ಸವರಿದಳು. ನಾನು ನಲ್ಲಿಯ ಮುಂದೆ ಹರಕೆಯ ಮಾತು ಬಿಟ್ಟುಕೊಟ್ಟ ಹೊತ್ತಿಗೇ ಅದು ಡಾಕ್ಟರ ಬೆರಳಿಗೆ ಸಿಕ್ಕಿತೋ, ಮೊದಲೇ ಸಿಕ್ಕಿತ್ತೋ ನನಗೆ ಗೊತ್ತಿಲ್ಲ. ಯಾರನ್ನೂ ಕೇಳಲಿಲ್ಲ. ನಾನು ಮೊದಲು ಕೇಳಿಕೊಂಡದ್ದನ್ನು ಅಮ್ಮ ಹಾಗೇ ನಡೆಸಿಕೊಟ್ಟಿದ್ದರೆ ಮಂಜುಳ ನಮಗೆ ಉಳಿಯುತ್ತಿರಲಿಲ್ಲ. ಅಷ್ಟು ಮಾತ್ರ ಗೊತ್ತು.

ಐ.ಸಿ.ಯು.ನಿಂದ ವಾರ್ಡಿಗೆ ಬಂದ ಮೇಲೆ ಅವಳು ಕೆಮ್ಮಬೇಕಾದರೆ ಹೊಟ್ಟೆಗೆ ದಿಂಬು ಒತ್ತಿಕೊಳ್ಳುತ್ತಿದ್ದಳು. ಪಕ್ಕೆಯ ಕೆಳಗೆ ಉದ್ದಕ್ಕೂ ಹೊಲಿಗೆ. ಹರಕೆಯ ವಿಷಯ ಹೇಳಿ, "ಈಗ ಬೆಳ್ಳಿ ಒಪ್ಪಿಸೋದೋ ಬೇಡ್ವೋ ಕಣೇ, ಹೇಳಿದ್ದೇ ಒಂದು, ಆಗಿದ್ದೇ ಒಂದು" ಎಂದೆ.

"ತೂತು ಇಷ್ಟ್ ದೊಡ್ಡದಾಗಿದೆ, ಇನ್ನೊಂದು ಹೊಟ್ಟೆ ಸೇರ್ಸಿ ಕೊಡ್ಬೇಕಾಗುತ್ತೆ. ಹೋಗಿ ಒಪ್ಪಿಸ್ಬಿಟ್ಟು ಬನ್ನಿ ಅಕ್ಕ. ನಗಿಸ್ಬೇಡಿ, ಹೊಲಿಗೆ ಎಳೆಯುತ್ತೆ."

ಮುಂದಿನ ಮಂಗಳವಾರವೇ ಒಪ್ಪಿಸಿ ಬಂದೆ. ಲ್ಯಾಬಿನ ರಿಪೋರ್ಟ್ ಬರುವವರೆಗೆ ಮತ್ತೆ ಅದೇ ಚಡಪಡಿಕೆ. ಕೊಯ್ದ ಅಂಚಿನಲ್ಲೂ ಗಡ್ಡೆಯ ಅಂಶ ಏನೂ ಉಳಿದಿಲ್ಲ, ಆರು ತಿಂಗಳಿಗೊಮ್ಮೆ ತೋರಿಸಿದರೆ ಸಾಕು ಎಂದರು. ಇವತ್ತಿಗೂ ಸ್ಕ್ಯಾನಿನ ದಿನ ನನಗೆ ಅನ್ನ ಇಳಿಯುವುದಿಲ್ಲ, ಇದನ್ನು ಮುಚ್ಚಿಡಲಾರೆ. ಆದರೆ ಈಗ ದೀಪ ಹಚ್ಚಿದಾಗ ಹೀಗೇ ಆಗಲಿ, ಹಾಗೇ ಆಗಲಿ ಎಂದು ಹೇಳಿಕೊಡುವುದನ್ನು ಬಿಟ್ಟಿದ್ದೇನೆ. ಕಾಪಾಡು ತಾಯಿ ಎನ್ನುತ್ತೇನೆ, ದಾರಿ ಅವಳದು. ಕಷ್ಟದಲ್ಲಿರುವ ಅಕ್ಕ ತಂಗಿಯರೇ, ನಿಮ್ಮನ್ನೂ ಅವಳು ಕೈಬಿಡುವುದಿಲ್ಲ.

ಮಂಜುಳಳನ್ನು ಮನೆಗೆ ಕರೆತಂದ ಸಂಜೆ ಮೆತ್ತನೆಯ ಅನ್ನ, ಹೆಸರುಬೇಳೆ ತೊವ್ವೆ, ಹೀರೆಕಾಯಿ ಪಲ್ಯ ಮಾಡಿದ್ದೆ. ಅವಳು ಅನ್ನ ಅರ್ಧ ತಿಂದು, ಪಲ್ಯಕ್ಕೆ ಉಪ್ಪು ಸಾಲದೆಂದು ಗೊಣಗಿ, ಹಪ್ಪಳ ಬೇಕೆಂದಳು. ಎಣ್ಣೆ ಕೂಡದೆಂದು ಬೈದೆ. ಅವಳ ಪಕ್ಕದಲ್ಲೇ ಗೋಡೆಗೊರಗಿ ನಾನೂ ಎರಡು ತುತ್ತು ತಿಂದೆ. ಅವಳು ಮಲಗಿದ ಮೇಲೆ ಪಾತ್ರೆ ತೊಳೆದರಾಯಿತು ಎಂದುಕೊಂಡಿದ್ದೆ. ಮೊದಲು ನಿದ್ದೆ ಹೋದವಳು ನಾನೇ.