ಬೇಬೇ ಕಲಿತ ಇಂಗ್ಲಿಷ್

ಪಂಜಾಬಿನ ಮೋಗಾದಲ್ಲಿ ಇಂಗ್ಲಿಷ್ ಪರೀಕ್ಷೆ ಪಾಸಾಗದವರಿಗೆ ಕೆನಡಾವೂ ಇಲ್ಲ, ಮರ್ಯಾದೆಯೂ ಇಲ್ಲ. ಓದು, ಬರಹದಲ್ಲಿ ನವರೂಪ್ ಕೌರ್ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಚೀಟಿಯಲ್ಲಿ ಬಂದ ವಿಷಯದ ಮೇಲೆ ಎರಡು ನಿಮಿಷ ನಿಲ್ಲಿಸದೆ ಮಾತಾಡಬೇಕಲ್ಲ, ಅಲ್ಲಿ ಬಾಯಿ ಕಟ್ಟಿಹೋಗುತ್ತಿತ್ತು. ಹಾಗೇ ಎರಡು ಸಲ ಫೇಲಾದಳು.

ಕೋಚಿಂಗಿನ ಢಿಲ್ಲೋಂ ಸರ್ ಉಪಾಯ ಹೇಳಿಕೊಟ್ಟರು. "ಮನೇಲಿ ಯಾರನ್ನಾದ್ರೂ ಸಾಯಿಸಮ್ಮಾ. ಅಳು ಬಂದ್ರೆ ಮಾತು ತಾನಾಗೇ ಬರುತ್ತೆ. ಚೀಟೀಲಿ ಏನೇ ಇರ್ಲಿ, ಅಲ್ಲಿಗೇ ತಂದು ಕಟ್ಟು."

ಅವರ ತರಗತಿಯಲ್ಲಿ ಅಜ್ಜಂದಿರು ದಿನಾ ಸಾಯುತ್ತಿದ್ದರು. ಸಂಜೆ ಅದೇ ಅಜ್ಜಂದಿರು ಸ್ಕೂಟರ್ ಹತ್ತಿ ಮೊಮ್ಮಕ್ಕಳನ್ನು ಕರೆದೊಯ್ಯಲು ಬರುತ್ತಿದ್ದರು. ನವರೂಪಳಿಗೆ ಅಜ್ಜನಿಲ್ಲ, ಅಪ್ಪನ ಮುಖ ನೆನಪಿಲ್ಲ. ಇದ್ದವಳು ತಾಯಿ ಒಬ್ಬಳೇ, ಬೇಬೇ. ಅವಳನ್ನೇ ಸಾಯಿಸಿದಳು.

ಅಭ್ಯಾಸಕ್ಕೆ ಎದುರು ಕೂರುತ್ತಿದ್ದವಳೂ ಬೇಬೇಯೇ. ಇಂಗ್ಲಿಷಿನ ಗಂಧಗಾಳಿ ಇಲ್ಲ. ಬಟಾಣಿ ಸುಲಿಯುತ್ತಾ, ಗಡಿಯಾರ ನೋಡುತ್ತಾ, ತನ್ನ ಸಾವನ್ನು ತಾನೇ ದಿನಾ ಕೇಳುತ್ತಿದ್ದಳು.

"ನನ್ ಬಗ್ಗೆನೇ ಅಲ್ವಾ ಪುತ್ತ್? 'ಮದರ್' ಅಂದ್ಯಲ್ಲ. ಏನಂದೆ?"

"ನಿನ್ನ ಕೈರುಚಿ ಬಗ್ಗೆ, ಬೇಬೇ."

"ಉಪ್ಪು ಜಾಸ್ತಿ ಅಂತ ಬಾಯಿಬಿಟ್ಟೀಯ ಮತ್ತೆ!"

ಮೂರನೇ ಸಲ ನವರೂಪ್ ಅಳುತ್ತಲೇ ಎರಡು ನಿಮಿಷ ದಾಟಿಸಿದಳು. ಪರೀಕ್ಷಕಿಯ ಕಣ್ಣೂ ಒದ್ದೆಯಾಯಿತು. ಪಾಸಾದಳು, ವೀಸಾ ಬಂತು, ಜನವರಿಗೆ ಟಿಕೆಟ್ಟೂ ಆಯಿತು. ಬೇಬೇ ಸತ್ತಿದ್ದೂ ಜನವರಿಯಲ್ಲೇ, ಆ ಉತ್ತರದಲ್ಲಿ. ಅಲ್ಲಿಂದ ನವರೂಪಳಿಗೆ ಹೆದರಿಕೆ ಹತ್ತಿಕೊಂಡಿತು. ಬೇಬೇ ಕೆಮ್ಮಿದರೆ ನೀರು ಹಿಡಿದು ಓಡುವಳು. ಬೇಬೇ ಮಧ್ಯಾಹ್ನ ಮಲಗಿದರೆ ರಜಾಯಿ ಏಳುತ್ತಾ ಇಳಿಯುತ್ತಾ ಇದೆಯೇ ಎಂದು ನೋಡುತ್ತಾ ಕೂರುವಳು. ಹೇಳಿಬಿಡೋಣವೆಂದರೆ ಯಾವ ಬಾಯಲ್ಲಿ ಹೇಳುವುದು?

ಹೊರಡುವ ಮುನ್ನಾದಿನ ಲಡ್ಡು ತಿನ್ನಲು ಓಣಿಯ ಹೆಂಗಸರೆಲ್ಲ ಬಂದಿದ್ದರು.

"ನಂಗೂ ಇಂಗ್ಲಿಷ್ ಬರುತ್ತೆ ಕಣ್ರೇ," ಎಂದು ಬೇಬೇ ದುಪಟ್ಟಾ ಸರಿಮಾಡಿಕೊಂಡು ಎದ್ದು ನಿಂತಳು. "ನನ್ನ ಬಗ್ಗೆ ಮಗಳು ಹೇಳಿದ್ದು. ಕೇಳಿ ಕೇಳಿ ಬಾಯಿಪಾಠ ಆಗಿದೆ."

ಇಂಗ್ಲಿಷಿನಲ್ಲೇ ಶುರು ಮಾಡಿಯೇ ಬಿಟ್ಟಳು. ನನ್ನ ತಾಯಿ ಜನವರಿಯಲ್ಲಿ ತೀರಿಕೊಂಡಳು. ಮನೆಯಲ್ಲಿ ಒಬ್ಬಳೇ ಇದ್ದಳು. ತಡವರಿಸದೆ, ನಗುನಗುತ್ತಾ, ಮಗಳು ಬಿಕ್ಕಿದ ಕಡೆ ತಾನೂ ಬಿಕ್ಕುತ್ತಾ ಹೇಳಿದಳು. ಒಂದಕ್ಷರ ಅರ್ಥವಾಗದಿದ್ದರೂ ಹೆಂಗಸರು ಚಪ್ಪಾಳೆ ತಟ್ಟಿದರು. ನವರೂಪಳ ಕೈಯಲ್ಲಿದ್ದ ಲಡ್ಡು ಪುಡಿಯಾಗಿ ನೆಲಕ್ಕೆ ಉದುರಿತು.

ಕೊನೆಯ ಸಾಲಿಗೆ ಬಂದು ಬೇಬೇ ನಿಂತಳು. ಹುಬ್ಬು ಗಂಟಿಕ್ಕಿ ಮಗಳತ್ತ ತಿರುಗಿದಳು.

"ಅಯ್ಯೋ, ಮರ್ತೇಹೋಯ್ತು. ಮುಂದೇನು ಪುತ್ತ್? ಹೇಳ್ಕೊಡು."

ಮುಂದಿನದು ನವರೂಪಳಿಗೆ ಗೊತ್ತಿತ್ತು: ಅವಳು ಹೋಗುವಾಗ ನಾನು ಪಕ್ಕದಲ್ಲಿರಲಿಲ್ಲ. ಎಲ್ಲರೂ ಮಗಳ ಬಾಯನ್ನೇ ನೋಡುತ್ತಿದ್ದರು. ಬಾಯಿ ಕಟ್ಟಿಹೋಗಿತ್ತು.