ಗಿಟಾರು ಗುರುತಿಸುವ ವಿದ್ಯೆ

ಎಲೆಕ್ಟ್ರಿಕ್ ಗಿಟಾರುಗಳ ಬಗೆಗಿನ ನನ್ನ ಪಾಂಡಿತ್ಯವೆಲ್ಲ ರಾಯಚೂರಿನ ಒಂದು ಕ್ಷೌರದಂಗಡಿಯ ಗೋಡೆಯಿಂದ ಬಂದದ್ದು. ಎಪ್ಪತ್ತರ ದಶಕದ ಕೊನೆಗೆ ಆ ಗೋಡೆಗೆ ಹಳೆಯ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳನ್ನು ಅಂಟಿಸಿದ್ದರು. ಸರದಿ ಬರುವವರೆಗೆ ನಾನು ಯಾವ ಗಿಟಾರಿಗೆ ಎಷ್ಟು ಕೊಂಬು, ಎಷ್ಟು ಗುಂಡಿ ಎಂದು ನೋಡುತ್ತಾ ಕೂರುತ್ತಿದ್ದೆ. ಅರ್ಧ ತಿಳಿದದ್ದನ್ನು ಪೂರ್ತಿ ಧೈರ್ಯದಿಂದ ಹೇಳುವ ಸುಖ, ಓದುಗ ಮಿತ್ರರೇ, ನಿಮಗೂ ಗೊತ್ತಿರಬಹುದು. ನಮ್ಮ ಆರ್ಕೆಸ್ಟ್ರಾದಲ್ಲಿ ತಬಲಾ ಬಾರಿಸುತ್ತಿದ್ದ ನಾನು, ಹಾರ್ಮೋನಿಯಂಗೆ ದಮ್ಮಿನ ಕಾಯಿಲೆಯೆಂದೂ ಪಿಟೀಲು ಗಲ್ಲದಡಿ ಸಿಕ್ಕಿ ಅಳುವ ಕೂಸೆಂದೂ ಗೇಲಿ ಮಾಡುತ್ತಾ, ಗಿಟಾರಿನ ಮಾತು ಬಂದರೆ ಮಾತ್ರ ಗಂಭೀರನಾಗಿಬಿಡುತ್ತಿದ್ದೆ.

ಒಂದು ದಿನ, ನಮ್ಮಲ್ಲೇ ಗಿಟಾರು ನುಡಿಸುತ್ತಿದ್ದ ಗೆಳೆಯ ಶೇಖರ ಕೆಂಪು ಗಿಟಾರೊಂದನ್ನು ತಂದು, ಆರ್ಕೆಸ್ಟ್ರಾದವರೆಲ್ಲರ ಮುಂದೆ, ಇದು ಯಾವ ದೇಶದ್ದು ಹೇಳು ನೋಡೋಣ ಎಂದ. ನಾನು ಗುಂಡಿ ತಿರುಗಿಸಿ, ಕಣ್ಣು ಕಿರಿದು ಮಾಡಿ, ಜಪಾನಿನದು ಎಂದು ತೀರ್ಪಿತ್ತೆ. ಶೇಖರ ತಲೆಯಾಡಿಸಿ ಗಿಟಾರನ್ನು ಹೆಗಲಿಗೇರಿಸಿಕೊಂಡ. ಅಂದಿನಿಂದ ಪ್ರತಿ ಕಾರ್ಯಕ್ರಮದಲ್ಲೂ ಜಪಾನ್ ಗಿಟಾರಿನ ಶೇಖರನೆಂದು ಮೈಕಿನಲ್ಲಿ ಸಾರುವ ಕೆಲಸವನ್ನು ನಾನೇ ವಹಿಸಿಕೊಂಡೆ. ಹಾರ್ಮೋನಿಯಂ ಹಿಂದೆ ಅಡಗುತ್ತಿದ್ದ ಅವನು ವೇದಿಕೆಯ ಮುಂದಕ್ಕೆ ಬಂದ. ಧೈರ್ಯ ಕೊಟ್ಟವನು ನಾನೆಂಬ ಹೆಮ್ಮೆ ನನಗೆ.

ದೇವದುರ್ಗದ ಒಂದು ಮದುವೆಯಲ್ಲಿ ಆ ಹೆಮ್ಮೆಗೆ ಕುತ್ತು ಬಂತು. ನಾನು ಮೈಕಿನಲ್ಲಿ ಜಪಾನ್ ಗಿಟಾರೆಂದು ಸಾರಿದ ಮೇಲೆ, ಹಾಡು ಶುರುವಾಗುವ ಮುನ್ನ, ಜೀವಮಾನವೆಲ್ಲ ಬಡಿಗತನ ಮಾಡಿದ್ದ ಹೆಣ್ಣಿನ ಅಜ್ಜ ವೇದಿಕೆ ಹತ್ತಿದರು. ಸಂತೆಯಲ್ಲಿ ಗಡಿಗೆ ಬಡಿದು ನೋಡುವಂತೆ ಗಿಟಾರನ್ನು ಬಡಿದರು. ಒಳಗೆ ಟೊಳ್ಳೇ ಇಲ್ಲದ ವಾದ್ಯ ಏನು ಹೇಳೀತು? ಆಮೇಲೆ ಬಣ್ಣ ಹೋದ ಅಂಚನ್ನು ಉಗುರಿನಿಂದ ಕೆರೆದು ಮೂಸಿದರು.

"ಜಪಾನಿನ್ಯಾಗೂ ಬೇವಿನ ಗಿಡ ಇರ್ತಾವೇನ್ರೀ?" ಎಂದರು, ಯಾವ ಕುಹಕವೂ ಇಲ್ಲದೆ.

ಶೇಖರ ನನ್ನನ್ನೇ ನೋಡುತ್ತಿದ್ದ. ಕೊಟ್ಟ ಧೈರ್ಯವನ್ನು ನಾನೇ ಕಸಿದುಕೊಂಡೆನಲ್ಲಾ ಎಂದು ಸಂಕಟವಾಯಿತು. ಅವನೋ ಅಜ್ಜನಿಗೆ ಕೈಮುಗಿದು, ಮುಂದೆ ಬಂದು ನಿಂತು, ಎಂದಿಗಿಂತ ಚೆನ್ನಾಗಿ ನುಡಿಸಿದ.

ಮರುದಿನ ಬಸ್ಸಿನಲ್ಲಿ ಕ್ಷಮೆ ಕೇಳಿದೆ. ಅವನು ನಕ್ಕುಬಿಟ್ಟ. ಮಾನ್ವಿಯ ಬಡಿಗನೊಬ್ಬನ ಮುಂದೆ ತಾನೇ ಕೂತು ಮಾಡಿಸಿದ ಗಿಟಾರಂತೆ ಅದು.

"ನಗಸಬೇಕಂತ ಕೇಳಿದ್ದೆ, ಮಾನ್ವಿದು ಅಂತ ನಾನ ಹೇಳಾಂವ ಇದ್ದೆ. ನೀ ಖರೇನ ಒಂದು ದೇಶ ಹೇಳಿಬಿಟ್ಟಿ. ಅಷ್ಟು ಮಂದಿ ಮುಂದ ನಿನ್ನ ಮಾನ ಹ್ಯಾಂಗ ಕಳೀಲಿ?" ಎಂದ.

ನನ್ನ ಮಾನ ಉಳಿಸಲು ಇವನು ತಾನು ಮಾಡಿಸಿದ್ದನ್ನು ಇಷ್ಟು ದಿನ ಜಪಾನಿಗೆ ಬಿಟ್ಟುಕೊಟ್ಟಿದ್ದ. ನಾಚಿಕೆಯಾಯಿತು, ಅವನ ಮೇಲೆ ಪ್ರೀತಿಯೂ ಉಕ್ಕಿತು. ರಾಯಚೂರಿನಲ್ಲಿ ಇಳಿಯುವಾಗ ಗಿಟಾರನ್ನು ನಾನೇ ಹೊತ್ತೆ. ಬಲು ಭಾರವಿತ್ತು. ಜಪಾನಿನದೂ ಇಷ್ಟೇ ಭಾರವಿರುತ್ತದೋ ಏನೋ; ಅಂಥದೊಂದನ್ನು ನಾನು ಅದುವರೆಗೆ ಮುಟ್ಟಿಯೇ ಇರಲಿಲ್ಲ.