ಕಾರ್ನೇಷನ್ ಎಲೆಯ ಪಾಠ

ಗದ್ವಾಲಕ್ಕೆ ಸೀರೆ ಕೊಳ್ಳಲು ಹೋದವನು ಒಬ್ಬರ ಎರಡು ತಿಂಗಳ ದುಡಿಮೆ ಕೆಡಿಸಿ ಬಂದೆ. ನೇಕಾರ ನರಸಪ್ಪ ಮತ್ತು ಅವನ ಹೆಂಡತಿ ಒಂದೇ ಮಗ್ಗಕ್ಕೆ ಕೂತು ಸೀರೆಯ ಕೊನೆಯ ಗೇಣು ನೇಯುತ್ತಿದ್ದರು. ಅಂಚಿನ ತುಂಬ ಕಾರ್ನೇಷನ್ ಹೂ. ಸೀರೆ ನೇಯಲು ಹೇಳಿದ್ದ ಸಾವ್ಕಾರರು ಫೋನಿಗೆ ಕಳಿಸಿದ ಹೂಗುಚ್ಛದ ಚಿತ್ರದಲ್ಲಿ ಎಲೆಯೇ ಇರಲಿಲ್ಲವಂತೆ. ಹಾಗಾಗಿ ನರಸಪ್ಪ ವೀಳ್ಯದೆಲೆಯಂಥ ಅಗಲ ಎಲೆಗಳನ್ನು ತಾನೇ ಹಾಕಿದ್ದ.

ನನಗೋ ಖುಷಿಯೋ ಖುಷಿ. ಸಸ್ಯಶಾಸ್ತ್ರದ ಮೇಷ್ಟ್ರು ನಿವೃತ್ತನಾದ ಮೇಲೆ ಪಾಠ ಕೇಳುವವರು ಎಲ್ಲಿ ಸಿಗುತ್ತಾರೆ ಹೇಳಿ? "ಕಾರ್ನೇಷನ್ ಎಲಿ ಹಿಂಗಿರಂಗಿಲ್ಲಪ್ಪ," ಎಂದು ಶುರುಮಾಡಿದೆ. "ಹುಲ್ಲಿನಂಗ ಸಣ್ಣಗ, ಉದ್ದಕ. ವಿಭೂತಿ ಬಳಿದಂಗ ಬೂದು ಹಸಿರು. ದಂಟಿನ ಊದಿದ ಗಿಣ್ಣಿಗೆ ಎರಡೆರಡು, ಎದುರುಬದುರು."

"ಅಂದ್ರ ಇದು ತಪ್ಪೈತೇನ್ರಿ?" ಬೆನ್ನ ಹಿಂದೆ ಸಾವ್ಕಾರರು ನಿಂತಿದ್ದರು. ಬಂದದ್ದು ನನಗೆ ಗೊತ್ತೇ ಆಗಿರಲಿಲ್ಲ. "ನಮ್ಮ ಗಿರಾಕಿ ಪುಣೆದಾಗ ಇದೇ ಹೂ ಬೆಳಿಯೋರು. ನೋಡಿದ್ರ ನಗ್ತಾರ. ನನಗ ಈ ಸೀರಿ ಬ್ಯಾಡ ನರಸಪ್ಪ."

ನಾನು ಮಾತು ತಿರುಗಿಸಲು ಒದ್ದಾಡಿದೆ. ಅವರು ಹೊರಟೇಹೋದರು. ನರಸಪ್ಪ ಲಾಳಿ ಕೆಳಗಿಟ್ಟ. ಸಿಟ್ಟು ಮಾಡಲಿಲ್ಲ.

"ಸರ, ನೀವು ಆ ಗಿಡ ಎಲ್ಲಿ ನೋಡೀರಿ?"

"ಪುಸ್ತಕದಾಗ," ಎಂದೆ. "ನಮ್ಮ ಬಿಸಿಲಿಗೆ ಅದು ಇಲ್ಲಿ ಬದುಕಂಗಿಲ್ಲ."

"ನಾವು ಬದುಕಬೇಕಲ್ರಿ," ಎಂದಳು ಅವನ ಹೆಂಡತಿ.

ನಲವತ್ತು ವರ್ಷ ಸಂಸಾರ ಮಾಡಿದರೂ ನನ್ನ ಬಾಯಿ ಮುಚ್ಚಿಸಲು ನಮ್ಮ ಮನೆಯವಳಿಗೆ ಆಗಿಲ್ಲ. ಈ ತಾಯಿ ಒಂದೇ ಮಾತಿಗೆ ಮುಚ್ಚಿಸಿದಳು. ಒಂದು ಗಳಿಗೆ ಮುಂಚೆ ಮುಚ್ಚಿಸಬೇಕಿತ್ತು, ಅಷ್ಟೆ.